ಹಗುರಕ್ಕೆ ಕೊಟ್ಟ ಬೆಲೆ

ಹುಬ್ಬಳ್ಳಿಯ ಅಂಗಡಿಯಲ್ಲಿ ಎರಡು ಟೈಪ್‌ರೈಟರುಗಳನ್ನು ನಮ್ಮ ಮುಂದೆ ಇಟ್ಟರು. ಒಂದು ಕಚೇರಿಗಳಲ್ಲಿ ಇರುವಂಥ ದೊಡ್ಡದು. ಯಾರೋ ಹರಾಜಿನಲ್ಲಿ ಬಿಟ್ಟದ್ದನ್ನು ತಂದು, ತೊಳೆದು, ಎಣ್ಣೆ ಬಿಟ್ಟು, ಮೇಲೆ ಕರಿಬಣ್ಣ ಹೊಡೆದಿದ್ದರು. ಇನ್ನೊಂದು ಹೊಚ್ಚಹೊಸದು. ಬೂದುಬಣ್ಣದ ಸಣ್ಣ ಯಂತ್ರ, ಅದರ ಮೈಗೆ ಸರಿಯಾಗಿ ಹೊಲಿದಂಥ ಕೈಪೆಟ್ಟಿಗೆ, ಪೆಟ್ಟಿಗೆಗೆ ಹಿತ್ತಾಳೆಯ ಕೊಂಡಿ. ಎರಡರಲ್ಲೂ ಕನ್ನಡದ ಕೀಲಿಗಳೇ ಇದ್ದವು. ಎರಡರಿಂದಲೂ ಬರುವುದು ಅದೇ ಅಕ್ಷರ. ಆದರೆ ಸಣ್ಣದರ ಬೆಲೆ ದೊಡ್ಡದರ ಎರಡರಷ್ಟಕ್ಕಿಂತಲೂ ಮೇಲಿತ್ತು.

ಅಪ್ಪ ಮೊದಲು ದೊಡ್ಡದನ್ನು ಎತ್ತಿ ನೋಡಿದ. ಆಮೇಲೆ ಸಣ್ಣದನ್ನು ಒಂದೇ ಕೈಯಲ್ಲಿ ಎತ್ತಿದ. ಕೆಳಗಿಟ್ಟು ಅಂಗಡಿಯವನ ಮುಖ ನೋಡಿದ.

“ಹಗರ ಇದ್ದದ್ದಕ್ಕ ರೊಕ್ಕ ಜಾಸ್ತಿ ಅಂದ್ರ ಹೆಂಗ್ರಿ? ನಾವು ಹತ್ತಿ ಮಾರಿದ್ರೂ ತೂಕ, ಮೆಣಸಿನಕಾಯಿ ಮಾರಿದ್ರೂ ತೂಕ.”

ಅಂಗಡಿಯವನಿಗೆ ಇಂಥ ಗಿರಾಕಿಗಳು ಹೊಸಬರಲ್ಲ ಅಂತ ಕಾಣುತ್ತದೆ. ಇದು ತೂಕದ ಮಾಲಲ್ಲ ಯಜಮಾನರೇ, ಎಲ್ಲಿ ಬೇಕೋ ಅಲ್ಲಿಗೆ ಹಿಡಿದುಕೊಂಡು ಹೋಗಬಹುದು, ಅದಕ್ಕೇ ದುಡ್ಡು ಎಂದು ಸಮಾಧಾನವಾಗಿ ತಿಳಿಸಿ ಹೇಳಿದ. ಅಪ್ಪನಿಗೆ ತಿಳಿಯಲಿಲ್ಲ. ಆದರೆ ಬರೆಯುವ ಓದುವ ವಿಷಯದಲ್ಲಿ ಅವನು ನನ್ನ ಮಾತು ಮೀರುತ್ತಿರಲಿಲ್ಲ. ನೀನೇ ನೋಡವಾ ಎಂದು ನನ್ನ ಕಡೆ ತಿರುಗಿದ. ನಾನು ಸಣ್ಣದನ್ನು ತೋರಿಸಿದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಮ್ಮದು ಶಿಗ್ಗಾಂವಿ ತಾಲೂಕಿನ ದುಂಡಸಿ. ಊರ ಹೊರಗಿನ ನಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೊದಲ ಹುಡುಗಿ ನಾನು. ಅಪ್ಪನಿಗೆ ಒಂದು ತುಂಡು ಹೊಲ, ಉಳಿದ ದಿನ ಬೇರೆಯವರ ಹೊಲದಲ್ಲಿ ಕೆಲಸ. ಅವ್ವ ಮೆಣಸಿನಕಾಯಿ ಹರಿಯಲು, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ನಾನು ಶಿಗ್ಗಾಂವಿಗೆ ಬಸ್ಸಿನಲ್ಲಿ ಹೋಗಿ ಟೈಪಿಂಗ್ ಕಲಿತೆ. ಜೂನಿಯರ್, ಸೀನಿಯರ್ ಎರಡೂ ಪಾಸಾದೆ. ಹಾನಗಲ್ಲಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಬಾಣಂತನದ ರಜೆ ಹಾಕಿದ್ದಳು, ಅವಳ ಜಾಗದಲ್ಲಿ ಕೆಲ ತಿಂಗಳು ಕೂತೆ. ಅವಳು ತಿರುಗಿ ಬಂದಳು, ನಾನು ಎದ್ದು ಬಂದೆ.

ಆ ತಿಂಗಳುಗಳಲ್ಲಿ ಒಂದು ಸಂಗತಿ ನನಗೆ ಗೊತ್ತಾಗಿತ್ತು. ಕೆಲಸ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಒಂದು ಕಡೆ ಇರಲಿಲ್ಲ. ಹಾನಗಲ್ಲಿನಲ್ಲಿ ಒಬ್ಬ ವಕೀಲರಿಗೆ ವಾರಕ್ಕೆ ಒಂದು ದಿನದ ಕೆಲಸ, ಸವಣೂರಿನಲ್ಲಿ ಖರೀದಿಪತ್ರ ಬರೆಯುವವರೊಬ್ಬರಿಗೆ ಒಂದು ದಿನದ್ದು, ಹಿರೇಕೆರೂರಿನಲ್ಲಿ ಎರಡು ದಿನದ್ದು. ಯಾರಿಗೂ ಒಬ್ಬ ಟೈಪಿಸ್ಟನನ್ನು ತಿಂಗಳ ಪಗಾರ ಕೊಟ್ಟು ಇಟ್ಟುಕೊಳ್ಳುವಷ್ಟು ಕೆಲಸವಿಲ್ಲ, ಯಾರ ಹತ್ತಿರವೂ ಯಂತ್ರವಿಲ್ಲ. ಯಂತ್ರವನ್ನೇ ಹಿಡಿದುಕೊಂಡು ಊರಿಂದೂರಿಗೆ ಹೋದರೆ ವಾರ ಪೂರ್ತಿ ಕೆಲಸ. ನನ್ನ ಲೆಕ್ಕ ಇಷ್ಟೇ. ಆ ಲೆಕ್ಕಕ್ಕೆ ಕೈಪೆಟ್ಟಿಗೆಯ ಯಂತ್ರವೇ ಬೇಕಿತ್ತು. ಇಂದಿಗೂ ಆ ಲೆಕ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತಂದ ಹಣದಲ್ಲಿ ಅರ್ಧ ನನ್ನ ಹಾನಗಲ್ಲಿನ ಪಗಾರದ್ದು. ಉಳಿದದ್ದು ಅವ್ವ ಎಮ್ಮೆಗೆಂದು ಕೂಡಿಟ್ಟದ್ದು. ಎಮ್ಮೆಯೊಂದು ಮನೆಯಲ್ಲಿದ್ದರೆ ಕೂಲಿಗೆ ಹೋಗುವುದು ತಪ್ಪುತ್ತದೆ ಎಂದು ಅವ್ವನ ಆಸೆ. ಯಂತ್ರ ಮನೆಗೆ ಬಂದ ದಿನ ಕೇರಿಯವರೆಲ್ಲ ನೋಡಲು ಬಂದರು. ನಾನು ಒಬ್ಬೊಬ್ಬರ ಹೆಸರು ಹೊಡೆದು ಕಾಗದ ಹರಿದು ಕೊಟ್ಟೆ. ಅವ್ವ ಗೋಡೆಗೆ ಒರಗಿ ಕೂತು ಎಲ್ಲ ನೋಡಿದಳು. ಜನ ಹೋದ ಮೇಲೆ ಒಂದೇ ಮಾತು ಅಂದಳು.

“ಎಮ್ಮಿ ಆಗಿದ್ರ ವರ್ಷಕ್ಕೊಂದು ಕರಾ ಆದ್ರೂ ಹಾಕ್ತಿತ್ತು.”

ಸಿಟ್ಟಿನಿಂದ ಅಂದದ್ದಲ್ಲ. ಅವ್ವ ಯಾವುದನ್ನೇ ಆಗಲಿ ಅಳೆಯುತ್ತಿದ್ದದ್ದು ಹಾಗೆ, ಅಷ್ಟೆ.

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಪಕ್ಕದವರು ಹಾರ್ಮೋನಿಯಂ ಏನ್ರಿ ಎಂದು ಕೇಳುತ್ತಿದ್ದರು. ಹುಲಗೂರಿಗೆ ಹೊರಟಿದ್ದ ಒಬ್ಬ ಹಿರಿಯರು ದರ್ಗಾದಲ್ಲಿ ಹಾಡಲು ಹೊರಟಿದ್ದೀರಾ ಎಂದು ವಿಚಾರಿಸಿದರು. ಕಚೇರಿಯ ಮೆಟ್ಟಿಲು ಹತ್ತಿದರೆ ಜವಾನ ಎದ್ದು ದಾರಿ ಬಿಡುತ್ತಿದ್ದ, ನನಗಲ್ಲ, ಪೆಟ್ಟಿಗೆಗೆ. ನಾನು ಬೆಳೆದ ಕೇರಿಯವರಿಗೆ ಹಾಗೆ ಎದ್ದು ದಾರಿ ಬಿಟ್ಟವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೊಟ್ಟ ಬೆಲೆಯಲ್ಲಿ ಇದನ್ನೂ ಒಂದು ಪಾಲು ಎಂದು ಹಿಡಿಯಬೇಕೋ ಬೇಡವೋ, ಗೊತ್ತಿಲ್ಲ.

ತೊಂದರೆ ಶುರುವಾದದ್ದು ಹಿರೇಕೆರೂರಿನಲ್ಲಿ. ಅಲ್ಲಿಯ ವಕೀಲರ ಹತ್ತಿರ ಅಣ್ಣತಮ್ಮಂದಿರ ಪಾಲಿನ ದಾವೆಗಳು ಬಹಳ. ಪ್ರತಿವಾದಿಗಳು ಎಷ್ಟು ಜನವೋ ಅಷ್ಟು ಪ್ರತಿ ಬೇಕು. ದೊಡ್ಡ ಯಂತ್ರದಲ್ಲಾದರೆ ಕಾಗದದ ನಡುವೆ ಕಾರ್ಬನ್ ಇಟ್ಟು ಒಂದೇ ಸಲಕ್ಕೆ ಐದಾರು ಪ್ರತಿ ತೆಗೆಯಬಹುದು. ನನ್ನ ಸಣ್ಣ ಯಂತ್ರಕ್ಕೆ ಆ ಬಲವಿರಲಿಲ್ಲ. ಅದರ ಅಕ್ಷರ ಹೊಡೆಯುವ ಕಡ್ಡಿಗಳು ತೆಳು, ಪೆಟ್ಟು ಮೆತ್ತಗೆ. ಮೂರನೆಯ ಪ್ರತಿಯಲ್ಲಿ ಅಕ್ಷರ ಮಸುಕಾಗುತ್ತಿತ್ತು, ನಾಲ್ಕನೆಯದರಲ್ಲಿ ಒತ್ತಕ್ಷರ ಕಾಣುತ್ತಲೇ ಇರಲಿಲ್ಲ. ಕನ್ನಡದಲ್ಲಿ ಒತ್ತು ಹೋದರೆ ಉಳಿಯುವುದೇನು? ಹೆಸರೇ ಬೇರೆಯಾಗುತ್ತದೆ. ವಕೀಲರು ಒಂದು ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದನ್ನು ಕೋರ್ಟಿಗೆ ಕೊಟ್ಟರೆ ಪ್ರತಿವಾದಿ ತಾನಲ್ಲ ಅಂತಾನೆ ಎಂದು ನಕ್ಕರು. ಆಮೇಲೆ, ಇನ್ನೊಂದು ಸಲ ಹೊಡೆದುಬಿಡಿ ಎಂದರು.

ಇನ್ನೊಂದು ಸಲ ಹೊಡೆದೆ. ಅಂದಿನಿಂದ ಪ್ರತಿಯೊಂದು ಕೆಲಸವೂ ಎರಡೆರಡು ಸಲ. ದರ ಮಾತ್ರ ಒಂದೇ ಸಲದ್ದು. ನಿಮ್ಮ ಯಂತ್ರದ ಕೊರತೆಗೆ ಗಿರಾಕಿ ಯಾಕೆ ಕೊಡಬೇಕು ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ನಾನು ಕೀಲಿಗಳನ್ನು ಜೋರಾಗಿ ಹೊಡೆಯಲು ಕಲಿತೆ. ಜೋರಾಗಿ ಹೊಡೆದರೆ ಮೇಲಿನ ಕಾಗದದಲ್ಲಿ ಸೊನ್ನೆ ಇದ್ದಲ್ಲೆಲ್ಲ ತೂತು ಬೀಳುತ್ತಿತ್ತು. ಸಂಜೆ ಬಸ್ಸು ಹತ್ತುವಾಗ ಬೆರಳ ತುದಿಗಳು ಮೆಣಸಿನಕಾಯಿ ಹರಿದವರ ಬೆರಳಿನಂತೆ ಉರಿಯುತ್ತಿದ್ದವು. ಹಿರೇಕೆರೂರಿನಿಂದ ಹಾವೇರಿ, ಹಾವೇರಿಯಲ್ಲಿ ಬಸ್ಸು ಬದಲಾಯಿಸಿ ಶಿಗ್ಗಾಂವಿ, ಅಲ್ಲಿಂದ ದುಂಡಸಿ. ಹುಬ್ಬಳ್ಳಿಯ ಅಂಗಡಿಯಲ್ಲಿ ಒಂದು ಕೈಯಲ್ಲಿ ಎತ್ತಿದ್ದ ಪೆಟ್ಟಿಗೆ ಹಾವೇರಿಯ ಬಸ್‌ಸ್ಟ್ಯಾಂಡಿನಲ್ಲಿ ಎರಡೂ ಕೈ ಬೇಡುತ್ತಿತ್ತು. ಹಗುರ ಎನ್ನುವುದು ಎಷ್ಟು ಹೊತ್ತು ಹೊರುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಹೀಗೆ ಒಂದು ದಿನ ಸವಣೂರಿಗೆ ಹೋಗುವಾಗ ಬಸ್ಸು ವಿಪರೀತ ತುಂಬಿತ್ತು. ಕಂಡಕ್ಟರ್ ಪೆಟ್ಟಿಗೆಯನ್ನು ಮೇಲೆ ಹಾಕಿಸಿದ. ಬೇಡವೆಂದೆ, ಜನ ನಿಲ್ಲಲು ಜಾಗವಿಲ್ಲ, ನಿಮ್ಮ ಪೆಟ್ಟಿಗೆಗೆ ಸೀಟು ಎಲ್ಲಿಂದ ತರಲಿ ಎಂದ. ಸವಣೂರಿನಲ್ಲಿ ಇಳಿಸಿದಾಗ ಅದರ ಮೇಲೆ ಯಾರದೋ ಬೆಲ್ಲದ ಪೆಂಟೆಗಳಿದ್ದವು. ತೆರೆದು ನೋಡಿದರೆ ಮೇಲುಮುಚ್ಚಳ ನೆಗ್ಗಿ, ನಾಲ್ಕಾರು ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಆ ಕಡ್ಡಿಗಳು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಕಂಪನಿಗೆ ಬರೆದು ತರಿಸಬೇಕು, ಒಂದೆರಡು ತಿಂಗಳಾಗಬಹುದು ಎಂದರು. ದೊಡ್ಡ ಯಂತ್ರದ ಸಾಮಾನು ಮಾತ್ರ ಅವರ ಅಂಗಡಿಯ ಡಬ್ಬಿಗಳಲ್ಲಿ ಬೇಕಾದಷ್ಟಿತ್ತು.

ಖರೀದಿಪತ್ರದವರು ನನ್ನ ಪಾಡು ನೋಡಿ ಸವಣೂರಿನ ಒಂದು ಮನೆಯ ಗುರುತು ಹೇಳಿದರು. ಅಲ್ಲಿದ್ದವಳು ಒಬ್ಬ ವಿಧವೆ, ಮುಸಲ್ಮಾನರ ಮನೆಯ ಹೆಂಗಸು. ಅವಳ ಗಂಡ ಕೋರ್ಟಿನ ಮುಂದೆ ಕೂತು ಟೈಪ್ ಮಾಡುತ್ತಿದ್ದವನು, ತೀರಿಕೊಂಡು ಕೆಲ ವರ್ಷವಾಗಿತ್ತು. ಯಂತ್ರ ಪಡಸಾಲೆಯಲ್ಲಿ ಹಸಿರು ಬಟ್ಟೆ ಹೊದ್ದು ಕೂತಿತ್ತು. ಅದರ ಮೇಲೆ ಒಂದು ಎಲೆಯಡಿಕೆ ತಟ್ಟೆ. ನಾನು ಬಾಡಿಗೆಗೆ ಕೇಳಿದೆ. ಅವಳು ತಟ್ಟೆ ತೆಗೆದು ಕೆಳಗಿಟ್ಟಳು, ಬಟ್ಟೆ ತೆಗೆದಳು, ಕೂತು ಹೊಡೆಯಿರಿ ನೋಡೋಣ ಎಂದಳು. ಕೀಲಿಗಳ ಮೇಲಿನ ಅಕ್ಷರಗಳೆಲ್ಲ ಸವೆದು ಬೆಳ್ಳಗಾಗಿದ್ದವು. ನಾನು ಒಂದು ಸಾಲು ಹೊಡೆದೆ. ಆ ಸದ್ದಿಗೆ ಒಳಮನೆಯಿಂದ ಅವಳ ಮೊಮ್ಮಗಳು ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಆ ಹೆಂಗಸು ಬಾಡಿಗೆ ಬೇಡ ಅಂದಳು, ಆಮೇಲೆ ಸ್ವಲ್ಪ ಯೋಚಿಸಿ, ಸ್ವಲ್ಪ ಕೊಡ್ರಿ, ಪುಕ್ಕಟೆ ಆದ್ರ ನಿಮಗೂ ಸಂಕೋಚ ಅಂದಳು.

ಎರಡು ತಿಂಗಳಿಗಿಂತ ಹೆಚ್ಚು ಕಾಲ ನಾನು ಆ ಪಡಸಾಲೆಯಲ್ಲಿ ಕೆಲಸ ಮಾಡಿದೆ. ಹಿರೇಕೆರೂರಿನ ಕೆಲಸ, ಹಾನಗಲ್ಲಿನ ಕೆಲಸ ಎಲ್ಲವನ್ನೂ ಅಲ್ಲಿಗೇ ತಂದು ಹೊಡೆದು ಒಯ್ದು ಕೊಟ್ಟೆ. ಐದು ಪ್ರತಿ ಇಟ್ಟರೂ ಕೊನೆಯದರಲ್ಲಿ ಒತ್ತಕ್ಷರ ಉಳಿಯುತ್ತಿತ್ತು. ಮಧ್ಯಾಹ್ನ ಅವಳು ಚಹಾ ಕೊಡುತ್ತಿದ್ದಳು, ಎದುರಿಗೆ ಕೂತು ಎಲೆ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ನನ್ನ ಯಂತ್ರದ ಬೆಲೆ ಕೇಳಿದಳು. ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚಿಕೊಂಡಳು. ತನ್ನ ಗಂಡ ಈ ಯಂತ್ರ ಕೊಂಡಾಗಲೂ ಮನೆಯಲ್ಲಿ ಜಗಳವಾಗಿತ್ತು, ಇದರ ಸದ್ದಿಗೆ ಕೂಸು ಮಲಗುತ್ತಿರಲಿಲ್ಲ, ಆಮೇಲಾಮೇಲೆ ಸದ್ದು ನಿಂತರೆ ಕೂಸು ಎಚ್ಚರಾಗುತ್ತಿತ್ತು ಎಂದು ಹೇಳಿದಳು. ನಾನು ಕೊಟ್ಟ ಬೆಲೆ ಹೆಚ್ಚಾಯಿತೆಂದಾಗಲಿ ಸರಿಯಾಯಿತೆಂದಾಗಲಿ ಹೇಳಲಿಲ್ಲ.

ಅಷ್ಟರಲ್ಲಿ ಸರಕಾರಿ ಟೈಪಿಸ್ಟ್ ಕೆಲಸಕ್ಕೆ ಕರೆ ಬಂತು. ಧಾರವಾಡದಲ್ಲಿ ಪರೀಕ್ಷೆ. ಅಭ್ಯರ್ಥಿಗಳು ತಮ್ಮ ತಮ್ಮ ಯಂತ್ರ ತಾವೇ ತರತಕ್ಕದ್ದು ಎಂದು ಅದರಲ್ಲಿತ್ತು. ಅದನ್ನು ಓದಿದಾಗ ನನಗಾದ ಖುಷಿ ಈಗಲೂ ನೆನಪಿದೆ. ರಿಪೇರಿಯಾಗಿ ಬಂದಿದ್ದ ನನ್ನ ಯಂತ್ರವನ್ನು ಹಿಡಿದುಕೊಂಡು ಹೋದೆ. ಶಾಲೆಯ ಮುಂದೆ ಕೈಗಾಡಿಗಳು, ಟಾಂಗಾಗಳು, ದೊಡ್ಡ ಯಂತ್ರಗಳನ್ನು ಹೆಗಲ ಮೇಲೆ ಹೊತ್ತು ಬೆವರುತ್ತಿದ್ದ ಹಮಾಲರು. ನಾನು ಅವರೆಲ್ಲರ ನಡುವೆ ಪೆಟ್ಟಿಗೆ ಆಡಿಸುತ್ತ ಒಳಗೆ ಹೋದೆ. ಆ ಒಂದು ಗಳಿಗೆಯಲ್ಲಿ, ಕೊಟ್ಟ ದುಡ್ಡೆಲ್ಲ ತಿರುಗಿ ಬಂತು ಅನ್ನಿಸಿತು.

ಗಂಟೆ ಹೊಡೆದು ಪರೀಕ್ಷೆ ಶುರುವಾಯಿತು. ಶಾಲೆಯ ಮೇಜು ನುಣುಪು, ಒಂದು ಕಡೆ ಇಳಿಜಾರು ಬೇರೆ. ಜೋರಾಗಿ ಹೊಡೆದು ಹೊಡೆದು ನನ್ನ ಕೈ ಒರಟಾಗಿತ್ತಲ್ಲ, ಪ್ರತಿ ಸಾಲಿನ ಕೊನೆಗೆ ಮೇಲಿನ ಉರುಳೆಯನ್ನು ಹಿಂದಕ್ಕೆ ತಳ್ಳಿದಾಗಲೆಲ್ಲ ಇಡೀ ಯಂತ್ರವೇ ಒಂದಿಷ್ಟು ಸರಿಯುತ್ತಿತ್ತು. ಹೊಡೆಯುವುದು, ಎಳೆದುಕೊಳ್ಳುವುದು, ಮತ್ತೆ ಹೊಡೆಯುವುದು. ಒಮ್ಮೆ ಅಂಚಿಗೇ ಹೋಗಿತ್ತು. ಸುತ್ತಲಿನ ದೊಡ್ಡ ಯಂತ್ರಗಳು ಬೇರು ಬಿಟ್ಟಂತೆ ಕೂತಿದ್ದವು. ಎರಡನೆಯ ಗಂಟೆ ಹೊಡೆದಾಗ ನನ್ನ ಕೊನೆಯ ಪ್ಯಾರಾ ಉಳಿದಿತ್ತು. ಫಲಿತಾಂಶದಲ್ಲಿ ನನ್ನ ನಂಬರ್ ಇರಲಿಲ್ಲ.

ನಾನು ಮತ್ತೆ ಹಾನಗಲ್ಲಿಗೆ, ಸವಣೂರಿಗೆ, ಹಿರೇಕೆರೂರಿಗೆ ತಿರುಗತೊಡಗಿದೆ. ಆಗ ಎಂಬತ್ತರ ದಶಕ ಬಂದಿತ್ತು. ನನ್ನ ಜೊತೆ ಟೈಪಿಂಗ್ ಕಲಿತವರು ಮದುವೆಯಾಗಿ ಮಕ್ಕಳ ಕೈಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು. ಇನ್ನೂ ಅದನ್ನು ಹೊತ್ತುಕೊಂಡು ತಿರುಗಾಡುತ್ತೀಯೇನು ಎಂದು ಕೇಳುತ್ತಿದ್ದರು. ಬಲ ಹೆಗಲು ಎಡದ್ದಕ್ಕಿಂತ ಇಳಿದಿದೆ ಎಂದು ರವಿಕೆ ಹೊಲಿಯುವವಳು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು.

ಮತ್ತೆ ಕರೆ ಬಂದಾಗ ನಾನು ಅರ್ಜಿ ಹಾಕಿದೆ, ಆದರೆ ಹೋಗುವ ಮನಸ್ಸಿರಲಿಲ್ಲ. ಸವಣೂರಿನ ಆ ಹೆಂಗಸಿಗೆ ವಿಷಯ ಹೇಳಿದೆ. ಅವಳು ಯೋಚನೆಯನ್ನೇ ಮಾಡಲಿಲ್ಲ.

“ನಮ್ಮದು ಒಯ್ರಿ. ಕುಂತಲ್ಲೇ ಕುಂತು ಕೊಳಿಯಾಕತ್ತೇತಿ. ಆದ್ರ ಹೊಳ್ಳಿ ತಂದು ಇಲ್ಲೇ ಇಡಬೇಕು, ಇದೇ ಜಾಗಾದಾಗ.”

ಒಯ್ಯುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದರೆ ಅಪ್ಪ ತಾನು ಬರುತ್ತೇನೆ ಅಂದ. ಹಿಂದಿನ ದಿನವೇ ಸವಣೂರಿಗೆ ಬಂದು ಯಂತ್ರಕ್ಕೆ ಗೋಣಿಚೀಲ ಸುತ್ತಿದ, ಹಗ್ಗ ಬಿಗಿದ, ತನ್ನ ಟವಲಿನ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡ. ಬಸ್ಸಿನಲ್ಲಿ ಕಂಡಕ್ಟರ್ ಮೇಲೆ ಹಾಕು ಅಂದರೆ ಅಪ್ಪ ಒಪ್ಪಲಿಲ್ಲ; ಚಾರ್ಜು ಕೊಡುತ್ತೇನೆ, ಕಾಲಡಿಯೇ ಇರಲಿ ಅಂದ. ದಾರಿಯುದ್ದಕ್ಕೂ ಎರಡು ಮೊಣಕಾಲ ನಡುವೆ ಅದನ್ನು ಅವುಚಿ ಹಿಡಿದು ಕೂತಿದ್ದ. ಧಾರವಾಡದಲ್ಲಿ ಹಮಾಲನನ್ನು ಕರೆಯೋಣ ಅಂದೆ. ಕೇಳಲಿಲ್ಲ. ಹೊತ್ತುಕೊಂಡೇ ನಡೆದ. ಊರು ಏರಿಳಿತದ್ದು, ಬಿಸಿಲು ಏರುತ್ತಿತ್ತು. ಅಪ್ಪನಿಗೆ ಆಗ ವಯಸ್ಸಾಗಿತ್ತು ಅಂತ ನಾನು ಅಂದೇ ನೋಡಿದ್ದು. ಏರಿನಲ್ಲಿ ಒಂದು ಕಟ್ಟೆಯ ಮೇಲೆ ಇಳಿಸಿ, ಕುತ್ತಿಗೆ ಒತ್ತಿಕೊಳ್ಳುತ್ತ ನಿಂತ. ಉಸಿರು ಹತೋಟಿಗೆ ಬರಲು ಹೊತ್ತು ಹಿಡಿಯಿತು. ಆಮೇಲೆ ಯಂತ್ರದ ಕಡೆಗೇ ನೋಡುತ್ತ ಹೇಳಿದ.

“ಈಗ ತಿಳೀತು ನೋಡವಾ, ಹಗರಕ್ಕ ರೊಕ್ಕ ಯಾಕ ತಗೋತಾರಂತ.”

ಭಾರವಾದದ್ದಕ್ಕೆ ಏನು ಬೆಲೆ ಎಂದು ನನಗೆ ಆಗಲೇ ತಿಳಿದಿತ್ತು. ಅವನು ಒಂದನ್ನು ಹೊತ್ತು ಕಲಿತ, ನಾನು ಇನ್ನೊಂದನ್ನು ಹೊತ್ತು ಕಲಿತೆ. ಇಬ್ಬರದೂ ಖರೀದಿಯಾದ ಮೇಲಿನ ತಿಳಿವಳಿಕೆ.

ಆ ಸಲ ಯಂತ್ರ ಅಲುಗಲಿಲ್ಲ. ಪೂರ್ತಿ ಮುಗಿಸಿದ ಮೇಲೂ ಒಮ್ಮೆ ಓದಿ ನೋಡುವಷ್ಟು ಸಮಯ ಉಳಿಯಿತು. ಅಪ್ಪ ಶಾಲೆಯ ಹೊರಗೆ ಬೇವಿನ ಗಿಡದ ಕೆಳಗೆ ಮಲಗಿದ್ದ. ಹೋಗಿ ಎಬ್ಬಿಸಿದೆ. ಆತು ಏನು ಎಂದು ಕೇಳಿದ, ಆತು ಎಂದೆ. ಯಂತ್ರವನ್ನು ಸವಣೂರಿಗೆ ಮುಟ್ಟಿಸಿ, ಅದೇ ಜಾಗದಲ್ಲಿ ಇಟ್ಟು, ಹಸಿರು ಬಟ್ಟೆ ಹೊದಿಸಿ ಬಂದೆವು. ಬರುವಾಗ ಹಮಾಲನನ್ನು ಹಿಡಿಯೋಣ ಅಂದರೆ ಅಪ್ಪ ಬೇಡ ಅನ್ನಲಿಲ್ಲ.

ಕೆಲಸದ ಆರ್ಡರ್ ಬಂತು. ಹಿರೇಕೆರೂರಿಗೆ ಹಾಕಿದರು. ಕಚೇರಿಯಲ್ಲಿ ನನ್ನ ಪಾಲಿಗೆ ಬಂದದ್ದು ಹಳೆಯ ದೊಡ್ಡ ಯಂತ್ರ. ಅದಕ್ಕೆ ನಾನು ದುಡ್ಡು ಕೊಡಬೇಕಿರಲಿಲ್ಲ, ಹೊರಬೇಕಿರಲಿಲ್ಲ. ಊರಿನಲ್ಲೇ ಒಂದು ಕೋಣೆ ಹಿಡಿದೆ. ಎರಡು ವರ್ಷಕ್ಕೆ ಅವ್ವನಿಗೆ ಒಂದು ಎಮ್ಮೆ ಕೊಡಿಸಿದೆ. ಅವ್ವ ಅದರ ಮೈ ಸವರಿ ನೋಡಿದಳು, ಸಂತೋಷಪಟ್ಟಳು. ಆದರೆ ಅಷ್ಟರಲ್ಲಿ ಅವಳ ಮೊಣಕಾಲು ಹೋಗಿದ್ದವು. ಕೂತು ಹಿಂಡಲು ಆಗುತ್ತಿರಲಿಲ್ಲ, ಮೇವಿಗೆ ಹೋಗಲು ಆಗುತ್ತಿರಲಿಲ್ಲ. ಒಂದು ಮಳೆಗಾಲ ಇಟ್ಟುಕೊಂಡು, ಮದುವೆಯಾಗಿ ಹೋಗಿದ್ದ ನನ್ನ ಅಕ್ಕನ ಮನೆಗೆ ಹೊಡೆದು ಕಳಿಸಿದಳು. ಅದಕ್ಕೆ ಅವಳು ಯಾರನ್ನೂ ದೂರಲಿಲ್ಲ.

ಸಣ್ಣ ಯಂತ್ರವನ್ನು ನಾನು ಮಾರಲಿಲ್ಲ. ಒಮ್ಮೆ ಮಾರಲು ಹೊರಟೆ, ಆದರೆ ಹುಬ್ಬಳ್ಳಿಯ ಅಂಗಡಿಯವರು ಹೇಳಿದ ಬೆಲೆಗೆ ಕೊಡಲು ಮನಸ್ಸಾಗಲಿಲ್ಲ. ಹೊಸದಿದ್ದಾಗ ಎಷ್ಟು ತುಟ್ಟಿಯೋ ಹಳೆಯದಾದಾಗ ಅಷ್ಟೇ ಅಗ್ಗ. ದೊಡ್ಡ ಯಂತ್ರಗಳು ಮಾತ್ರ ಆಗಲೂ ಒಂದೇ ಬೆಲೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಭಾನುವಾರಗಳಲ್ಲಿ ಕೋಣೆಯಲ್ಲಿ ಕೂತು ಅದರಲ್ಲಿ ಜನರಿಗೆ ಅರ್ಜಿ ಹೊಡೆದು ಕೊಡುತ್ತಿದ್ದೆ. ಪಿಂಚಣಿಯ ಅರ್ಜಿ, ಮನೆ ಮಂಜೂರಿಯ ಅರ್ಜಿ. ಇವಕ್ಕೆ ಒಂದೋ ಎರಡೋ ಪ್ರತಿ ಸಾಕು. ಅದು ಇಂಥ ಕೆಲಸಕ್ಕೇ ಹುಟ್ಟಿದ ಯಂತ್ರವೆಂದು ನನಗೆ ಅನ್ನಿಸಿದ್ದು ಆಗ. ಅದರ ಅಕ್ಷರ ಚಂದ. ಕೀಲಿ ಮುಟ್ಟಿದರೆ ಸಾಕು, ಏಳುತ್ತಿತ್ತು. ನಾನೇ ಅದನ್ನು ಎತ್ತಿನಂತೆ ಹೂಡಿದ್ದೆ.

ಕೊಟ್ಟ ದುಡ್ಡಿಗೆ ತಕ್ಕದ್ದಾಯಿತೇ ಎಂದು ಕಚೇರಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು. ಅವಳ ಅಣ್ಣ ಅಂಥದ್ದೇ ಒಂದನ್ನು ಕೊಡಿಸುತ್ತೇನೆ ಅಂದಿದ್ದನಂತೆ. ಆ ವರ್ಷಗಳಲ್ಲಿ ಮನೆಯ ಜೋಳ, ಎಣ್ಣೆ, ಅಪ್ಪನ ಔಷಧ ಎಲ್ಲ ಬಂದದ್ದು ಅದರಿಂದಲೇ ಎಂದು ಹೇಳಿದೆ. ದೊಡ್ಡದನ್ನು ಕೊಂಡಿದ್ದರೆ ಅರ್ಧ ದುಡ್ಡಿಗೆ ಒಂದೇ ಊರಿನಲ್ಲಿ ಕೂತು ಅಷ್ಟೇ ದುಡಿಯುತ್ತಿದ್ದೆನೋ, ಅಥವಾ ಗಿರಾಕಿ ಇಲ್ಲದೆ ಒಂದೇ ವರ್ಷಕ್ಕೆ ಮಾರುತ್ತಿದ್ದೆನೋ, ಅದನ್ನು ಹೇಳುವವರು ಯಾರು ಎಂದೆ. ನೀನು ಎಷ್ಟು ಪ್ರತಿ ತೆಗೆಯಬೇಕು, ಎಷ್ಟು ದೂರ ಹೊರಬೇಕು, ಮೊದಲು ಅದನ್ನು ನೋಡಿಕೋ ಅಂದೆ. ಅವಳಿಗೆ ಹೌದು ಇಲ್ಲ ಎಂಬ ಉತ್ತರ ಬೇಕಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಣ್ಣ ಯಂತ್ರದ ಉರುಳೆಯನ್ನು ಎಳೆಯುವ ಸ್ಪ್ರಿಂಗ್ ಹೋಯಿತು. ರಜೆ ಹಾಕಿ ಹುಬ್ಬಳ್ಳಿಗೆ ಒಯ್ದೆ. ಅಂಗಡಿಯಲ್ಲಿ ಈಗ ಹಳೆಯವನ ಮಗ ಕೂತಿದ್ದ. ತಿರುಗಿಸಿ ಮುರುಗಿಸಿ ನೋಡಿ, ಈ ಮಾದರಿಯನ್ನು ಕಂಪನಿಯವರು ನಿಲ್ಲಿಸಿ ಬಹಳ ದಿನವಾಯಿತು, ಸಾಮಾನು ಸಿಗುವುದಿಲ್ಲ ಎಂದ. ಬಿಟ್ಟು ಹೋದರೆ ಬಿಡಿಭಾಗಕ್ಕೆ ಏನಾದರೂ ಕೊಡುತ್ತೇನೆ ಎಂದೂ ಹೇಳಿದ. ನಾನು ಪೆಟ್ಟಿಗೆ ಮುಚ್ಚಿ ತೆಗೆದುಕೊಂಡು ಹೊರಟೆ.

ಹಾವೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟೆ. ಮಧ್ಯಾಹ್ನದ ಬಿಸಿಲು, ಒಳಗೆ ಅರ್ಧ ಜನ ತೂಕಡಿಸುತ್ತಿದ್ದರು. ಶಿಗ್ಗಾಂವಿಯಲ್ಲಿ ಇಳಿದು ಊರಿಗೆ ಹೋಗಿ ಅಪ್ಪ ಅವ್ವನನ್ನು ನೋಡಿಕೊಂಡು ಬರಬೇಕೆಂದು ಟಿಕೆಟ್ಟು ಅಲ್ಲಿಯವರೆಗೇ ತೆಗೆದಿದ್ದೆ. ನಿದ್ದೆ ಹತ್ತಿಬಿಟ್ಟಿತು. ಕಂಡಕ್ಟರ್ ಬಂದು ಎಬ್ಬಿಸಿದಾಗ ಬಸ್ಸು ಬಂಕಾಪುರ ದಾಟಿತ್ತು. ಮುಂದಿನ ಟಿಕೆಟ್ಟಿಗೆ ಚಿಲ್ಲರೆ ಕೊಡಿ ಎಂದ. ಊರಿಗೆ ಇನ್ನೊಮ್ಮೆ ಹೋದರಾಯಿತೆಂದು ಹಾವೇರಿಯವರೆಗಿನದು ಕೊಟ್ಟು, ಪೆಟ್ಟಿಗೆಯನ್ನು ಕಾಲಿಂದ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕಿಟಕಿಗೆ ತಲೆ ಆನಿಸಿದೆ.